ಯಾರ ಕಿಲೋ?

ನರಿನ್ ಊರಿನಲ್ಲಿ ನವೆಂಬರ್ ಎಂದರೆ
ನೀರನ್ನು ನಂಬಬಾರದ ತಿಂಗಳು.
ಅಂಗಳದ ನಲ್ಲಿಗೆ ಹಳೆಯ ಕೋಟು ತೊಡಿಸುತ್ತೇವೆ,
ಬಕೆಟ್ಟು ರಾತ್ರಿ ನಮ್ಮ ಜೊತೆ ಒಳಗೇ ಮಲಗುತ್ತದೆ.
ಅಪ್ಪನ ವ್ಯಾನು ಮಾತ್ರ ಹೊರಗೆ.

ಹದಿನಾರು ಸೀಟಿನ ಆ ಮುದಿ ವ್ಯಾನು
ದಿನಾ ದೊಲೊನ್ ಘಾಟಿ ಹತ್ತಿ ಇಳಿಯುತ್ತದೆ.
ಹೋದ ವರ್ಷ ಅದರ ರೇಡಿಯೇಟರ್ ಒಡೆದದ್ದು
ಬರೀ ನೀರು ಹುಯ್ದ ತಪ್ಪಿಗೆ.
ಹೆಪ್ಪುಗಟ್ಟುವ ನೀರಿಗೆ ಜಾಗ ಸಾಲದು;
ಕೇಳಿ ಪಡೆಯುವ ಜಾತಿಯಲ್ಲ ಅದು,
ಸೀಳಿ ಪಡೆಯುತ್ತದೆ.

ಈ ಸಲ ಅಪ್ಪ ತಂದದ್ದು ನಾಲ್ಕು ಕಿಲೋ ಗ್ಲೈಕಾಲ್,
ಬಿಷ್ಕೆಕ್ಕಿನ ಬಜಾರಿನಿಂದ, ಚೌಕಾಸಿ ಮಾಡಿ ಮಾಡಿ.
ಅಣ್ಣ ಎರ್ಮೆಕ್ ಜಾಮಿನ ಬಾಟಲಿ ಹಿಡಿದು ನಿಂತ:
‘ಅರ್ಧಕ್ಕರ್ಧ ಹುಯ್ದರಾಯಿತು, ಅದಕ್ಕೇನು ಮಹಾ!’
ನಾನು ತಡೆದೆ. ತಡೆಯಲು ನನಗೆ ಕಾರಣವಿತ್ತು:
ಚೀಲದಲ್ಲಿ ಒಂದು ನೋಟ್‌ಬುಕ್ಕು,
ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ.

*ದ್ರಾವಣದ ಮೊಲಾಲಿಟಿ ಹತ್ತು.
ದ್ರಾವಣದ ತೂಕ ಎಂಟು ಕಿಲೋ ನೂರು ಗ್ರಾಂ.
ಅದರಲ್ಲಿ ಗ್ಲೈಕಾಲ್ ಎಷ್ಟು?*

ದ್ರಾವ್ಯ, ದ್ರಾವಕ, ದ್ರಾವಣ:
ಒಂದೇ ಗರ್ಭದ ಮೂವರು, ನಾಲಿಗೆ ತೊಡರುತ್ತದೆ.
ನಾನು ಹಿಂದೆಮುಂದೆ ನೋಡದೆ ಗುಣಿಸಿದ್ದೆ,
ಹತ್ತನ್ನು ಎಂಟೂ ಚಿಲ್ಲರೆಯಿಂದ, ಬಂದದ್ದನ್ನು ಅರವತ್ತೆರಡರಿಂದ.
ಐದು ಸಾವಿರದ ಇಪ್ಪತ್ತೆರಡು ಗ್ರಾಂ.
ಟೊಕ್ತೊಬುಬು ಟೀಚರು ಅದನ್ನು ಹೊಡೆದುಹಾಕಿರಲಿಲ್ಲ,
ಸುತ್ತ ಒಂದು ವೃತ್ತ ಎಳೆದು ಪಕ್ಕದಲ್ಲಿ
ಎರಡೇ ಪದ ಬರೆದಿದ್ದರು:
ಯಾರ ಕಿಲೋ?

ವಾರವಿಡೀ ಆ ಎರಡು ಪದ
ಹಲ್ಲಿನ ಸಂದಿನ ಮಾಂಸದೆಳೆಯಂತೆ.

ಬಿಡಿಸಿದ್ದು ಅಮ್ಮ, ಬಿಡಿಸಿದೆನೆಂದು ತಿಳಿಯದೆಯೇ.
ಮಾರುವ ರೊಟ್ಟಿಗೆ ಕಣಕ ಕಲಸುತ್ತ ಗೊಣಗಿದಳು:
‘ಹಿಟ್ಟಿನ ಕಿಲೋ ನೋಡಿ ಉಪ್ಪು ಹಾಕಬೇಕು ಹುಡುಗೀ,
ಕಲಸಿದ ಮುದ್ದೆಯ ಕಿಲೋ ನೋಡಿ ಹಾಕ್ತಾರಾ?’

ಕಿಲೋ ನೀರಿನದು!
ಯಾರೂ ಬಂದು ಸೇರುವ ಮುಂಚಿನ,
ಒಂಟಿ ನೀರಿನದು.
ಒಂದು ಕಿಲೋ ನೀರಿಗೆ ಹತ್ತು ಮೋಲ್,
ಎಂದರೆ ಆರುನೂರ ಇಪ್ಪತ್ತು ಗ್ರಾಂ;
ಕೂಡಿದರೆ ಸಾವಿರದ ಆರುನೂರ ಇಪ್ಪತ್ತು.
ಎಂಟು ಕಿಲೋ ನೂರರಲ್ಲಿ ಅಂಥ ಕಂತು ಎಷ್ಟು?
ಐದು. ಶೇಷವಿಲ್ಲ, ಚೂರಿಲ್ಲ, ಐದು.
ಐದು ಕಿಲೋ ನೀರು,
ಮೂರು ಕಿಲೋ ನೂರು ಗ್ರಾಂ ಗ್ಲೈಕಾಲ್.

ಪಕ್ಕದ ಸಬಿರ್ಕುಲನ ತಕ್ಕಡಿ ತಂದೆವು,
ಕುರಿಕೊಬ್ಬಿನ ವಾಸನೆ ಇನ್ನೂ ಆರಿರಲಿಲ್ಲ.
ಅಣ್ಣನಿಗೆ ಇನ್ನೂ ಲೀಟರಿನದೇ ಹಟ.
ಲೀಟರು ಚಳಿಗೆ ಮುದುಡುತ್ತದೆ ಅಣ್ಣಾ,
ಬಿಸಿಲಿಗೆ ಮೈ ಬಿಡುತ್ತದೆ.
ಗ್ರಾಂ ಹಾಗಲ್ಲ,
ಘಾಟಿಯ ಮೇಲೂ ಅಷ್ಟೇ, ಒಲೆಯ ಪಕ್ಕದಲ್ಲೂ ಅಷ್ಟೇ.

ಅಪ್ಪ ಬಗ್ಗಿ ಹುಯ್ಯುತ್ತಿದ್ದ, ತುದಿನಾಲಿಗೆ ಹೊರಗೆ.
ಕೊನೆಯ ಹನಿ ರೇಡಿಯೇಟರಿನ ಕತ್ತಿಗೆ ಬಂದು ನಿಂತಿತು.
‘ಸೆಪ್ಟೆಂಬರಿನಲ್ಲೇ ಕೇಳಿದ್ದರು ನಿಮ್ಮ ಟೀಚರು,
ಕೊಚ್ಕೊರಿಗೆ ಹೋಗುವಾಗ, ಮುಂದಿನ ಸೀಟಿನಲ್ಲಿ ಕೂತು:
ಇದು ಎಷ್ಟು ಹಿಡಿಯುತ್ತದೆ, ತೂಕದಲ್ಲಿ ಹೇಳಿ, ಅಂತ.’

ನಾನು ಮಾತಾಡಲಿಲ್ಲ. ತಕ್ಕಡಿ ಒರೆಸಿದೆ.

ಸೊನ್ನೆಯ ಕೆಳಗೆ ಹದಿನೆಂಟೂವರೆ ತನಕ
ಈ ನೀರಿಗೆ ನಿದ್ದೆ ಹತ್ತುವುದಿಲ್ಲ, ಪುಸ್ತಕದ ಪ್ರಕಾರ.
ಇವತ್ತು ರಾತ್ರಿ ಹದಿನಾರು ಎಂದಿತು ರೇಡಿಯೋ.
ಉಳಿದ ಒಂಬೈನೂರು ಗ್ರಾಮನ್ನು ಅಪ್ಪ
ಅಟ್ಟದ ಮೇಲೆ ಕಟ್ಟಿಟ್ಟ, ನಾಯಿಗೆ ಎಟುಕದಂತೆ:
ಸಿಹಿ ಅದು, ನೆಕ್ಕಿದರೆ ಉಳಿಯುವುದಿಲ್ಲ.
ಡಬ್ಬಿಯ ಮೇಲೆ ಸೀಮೆಸುಣ್ಣದಲ್ಲಿ ‘ಜನವರಿಗೆ’.

ಜನವರಿಯ ಲೆಕ್ಕ ಇದಕ್ಕಿಂತ ಕಷ್ಟ.
ಹೊಸದನ್ನು ಸೇರಿಸಲು ಒಂದಿಷ್ಟು ಹೊರಚೆಲ್ಲಬೇಕು,
ಚೆಲ್ಲುವಾಗ ನೀರನ್ನಷ್ಟೇ ಚೆಲ್ಲಲು ಬರುವುದಿಲ್ಲ.